ಹೊಸ ಜಾಲತಾಣ, ಮೊದಲ ಓದುಗರು: ತೆರೆಯುವ ಮುನ್ನ ಮತ್ತು ತೆರೆದ ಮೇಲೆ ಮಾಡಬೇಕಾದ ಕೆಲಸ

ಜಾಲತಾಣ ತೆರೆಯುವುದು ಇಂದು ಒಂದು ಸಂಜೆಯ ಕೆಲಸ. ಅದನ್ನು ಜನ ಓದುವಂತೆ ಮಾಡುವುದು ತಿಂಗಳುಗಳ ಕೆಲಸ. ಹೊಸದಾಗಿ ಬ್ಲಾಗ್ ಶುರು ಮಾಡುವ ಬಹಳಷ್ಟು ಮಂದಿ ಈ ಲೆಕ್ಕವನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಥೀಮ್ (ತಾಣದ ಸಿದ್ಧ ವಿನ್ಯಾಸ) ಆರಿಸಲು, ಲೋಗೊ ತಿದ್ದಲು, ಬಣ್ಣ ಬದಲಿಸಲು ವಾರಗಟ್ಟಲೆ ಕೂರುತ್ತಾರೆ; ಬರೆದದ್ದನ್ನು ಓದುಗರ ಕೈಗೆ ಮುಟ್ಟಿಸಲು ಒಂದು ಗಂಟೆಯನ್ನೂ ಎತ್ತಿಡುವುದಿಲ್ಲ. ಎರಡು ಮೂರು ತಿಂಗಳಲ್ಲಿ ‘ಯಾರೂ ಓದುವುದಿಲ್ಲ’ ಎಂದು ಬೇಸತ್ತು ಕೈಬಿಡುತ್ತಾರೆ. ಎಷ್ಟೋ ಸಲ ಅವರ ಬರಹ ಚೆನ್ನಾಗಿಯೇ ಇರುತ್ತದೆ. ಅಂಥದ್ದೊಂದು ತಾಣ ಇದೆ ಎಂದು ಅದು ಬೇಕಾದವರಿಗೆ ಯಾರೂ ತಿಳಿಸಿರುವುದಿಲ್ಲ, ಅಷ್ಟೇ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ತಾಂತ್ರಿಕ ಕೆಲಸವನ್ನು ಅಗತ್ಯವಿದ್ದಷ್ಟೇ ಹೇಳಿ, ಬರವಣಿಗೆಗೂ ಓದುಗರನ್ನು ತಲುಪುವ ಕೆಲಸಕ್ಕೂ ಹೆಚ್ಚು ಜಾಗ ಕೊಡುತ್ತೇನೆ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ನಿಮಗೆ ಸೈಕಲ್ ದುರಸ್ತಿ ಚೆನ್ನಾಗಿ ಗೊತ್ತು, ಅದರ ಬಗ್ಗೆ ಬರೆಯಬೇಕೆಂದಿದ್ದೀರಿ ಎಂದಿಟ್ಟುಕೊಳ್ಳಿ.

ಮೊದಲು ಪ್ರಶ್ನೆಗಳ ಪಟ್ಟಿ

ಡೊಮೈನ್, ಅಂದರೆ ತಾಣದ ವಿಳಾಸದ ಹೆಸರು ಕೊಳ್ಳುವ ಮುನ್ನ ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಓದುಗ ಕೇಳಬಹುದಾದ ಇಪ್ಪತ್ತು ಪ್ರಶ್ನೆಗಳನ್ನು ಅವನ ಮಾತಿನಲ್ಲೇ ಬರೆಯಿರಿ. ‘ಬ್ರೇಕ್ ಹಿಡಿದರೆ ಕೀಚಲು ಸದ್ದು ಬರುತ್ತದೆ, ಏಕೆ?’ ‘ಟ್ಯೂಬಿಗೆ ಗಾಳಿ ತುಂಬಿಸಿದರೂ ಮಾರನೆಯ ದಿನ ಇಳಿದಿರುತ್ತದೆ, ತೂತು ಮಾತ್ರ ಕಾಣಿಸುತ್ತಿಲ್ಲ.’ ‘ಹಳೆಯ ಸೈಕಲ್ ಕೊಳ್ಳುವಾಗ ಏನೇನು ನೋಡಬೇಕು?’ ಈ ಪಟ್ಟಿಯೇ ಮುಂದಿನ ಕೆಲವು ತಿಂಗಳ ಬರವಣಿಗೆಗೆ ಸಾಮಗ್ರಿ.

ಐದಾರು ಪ್ರಶ್ನೆಗಳಾಗುವಷ್ಟರಲ್ಲಿ ಪೆನ್ನು ನಿಂತುಹೋದರೆ ವಿಷಯ ತೀರಾ ಕಿರಿದಾಗಿದೆ, ಇಲ್ಲವೇ ನಿಮಗೆ ಅದರಲ್ಲಿ ಇನ್ನೂ ಸಾಕಷ್ಟು ಬಳಕೆಯಿಲ್ಲ. ‘ಸೈಕಲ್, ಸಿನಿಮಾ, ನನ್ನ ಅನಿಸಿಕೆಗಳು’ ಎಂದು ಪಟ್ಟಿ ಹರಡಿಕೊಂಡರೆ ತೊಂದರೆ ಬೇರೆಯದು. ಬ್ರೇಕಿನ ಬಗ್ಗೆ ಓದಲು ಬಂದವನಿಗೆ ಮುಂದಿನ ಲೇಖನ ಸಿನಿಮಾ ವಿಮರ್ಶೆಯಾಗಿದ್ದರೆ ಅವನು ಮತ್ತೆ ಬರಲು ಕಾರಣವಿಲ್ಲ. ಹೆಸರಾದ ಲೇಖಕರಿಗೆ ಆ ಸ್ವಾತಂತ್ರ್ಯ ಇದೆ. ಅವರ ಓದುಗರು ಬರುವುದು ವ್ಯಕ್ತಿಗಾಗಿ. ಹೊಸಬರ ಬಳಿಗೆ ಓದುಗ ಬರುವುದು ವಿಷಯಕ್ಕಾಗಿ.

ವಿಳಾಸ ನಿಮ್ಮದೇ ಆಗಿರಲಿ

ಸಾಮಾಜಿಕ ಜಾಲತಾಣದ ಪುಟವೊಂದೇ ಸಾಲದೇ ಎಂದು ಕೇಳುವವರಿದ್ದಾರೆ. ಉಚಿತವಾಗಿ ಪುಟ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದ್ದ ಜಿಯೊಸಿಟೀಸ್ 2009ರಲ್ಲಿ ಮುಚ್ಚಿತು. ಸಾಮಾಜಿಕ ಜಾಲತಾಣಗಳಾದ ಆರ್ಕುಟ್ 2014ರಲ್ಲಿ, ಸಾರ್ವಜನಿಕರ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಅಲ್ಲಿ ಜನ ವರ್ಷಗಟ್ಟಲೆ ಕೂಡಿಸಿದ್ದ ಬಳಗ ಚದುರಿಹೋಯಿತು. ಸ್ವಂತ ಡೊಮೈನ್ ಇದ್ದರೆ ಸೇವೆ ಕೊಡುವ ಕಂಪನಿ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಓದುಗ ಉಳಿಸಿಕೊಂಡ ಲಿಂಕ್ ಹತ್ತು ವರ್ಷದ ನಂತರವೂ ತೆರೆಯಬೇಕು ಎಂಬುದು ನನ್ನ ಆಸೆ, ಬರೆಯುವವರು ಓದುಗರಿಗೆ ತೋರಬೇಕಾದ ಮರ್ಯಾದೆಯೂ ಹೌದು.

ಹೆಸರು ಆರಿಸುವಾಗ ಒಂದು ಸರಳ ಪರೀಕ್ಷೆ ಮಾಡಿ. ಪರಿಚಿತರೊಬ್ಬರಿಗೆ ಫೋನಿನಲ್ಲಿ ಹೆಸರು ಹೇಳಿ, ಟೈಪ್ ಮಾಡಲು ಬಿಡಿ. ‘ಎರಡು ಎ ಹಾಕಬೇಕೇ, ಒಂದೇ?’ ಎಂದು ಅವರು ಕೇಳಿದರೆ ಬೇರೆ ಹೆಸರು ಹುಡುಕಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘ, ಮಹಾಪ್ರಾಣ, ಳಕಾರ ಇರುವ ಪದಗಳು ಈ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು.

ನೋಂದಣಿಯಲ್ಲಿ ಮೂರು ಎಚ್ಚರಿಕೆಗಳು. ಡಾಟ್ ಕಾಮ್ ಮುಂತಾದ ಡೊಮೈನ್‌ಗಳನ್ನು ಒಮ್ಮೆಗೆ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಬಹುದು, ಅದಕ್ಕಿಂತ ಹೆಚ್ಚಿಗೆ ಇಲ್ಲ. ಆದ್ದರಿಂದ ನವೀಕರಣ ತಾನಾಗಿಯೇ ಆಗುವ ಆಯ್ಕೆಯನ್ನು ಮೊದಲ ದಿನವೇ ಚಾಲೂ ಮಾಡಿ. ನೋಂದಾಯಿಸಿದ ಮೇಲೆ ಇಮೇಲ್ ವಿಳಾಸ ಖಚಿತಪಡಿಸಲು ಒಂದು ಪತ್ರ ಬರುತ್ತದೆ. 15 ದಿನದೊಳಗೆ ಅದಕ್ಕೆ ಸ್ಪಂದಿಸದಿದ್ದರೆ ತಾಣ ತೆರೆಯದೆ ಹೋಗಬಹುದು. ಕೊನೆಯದಾಗಿ, ಡೊಮೈನ್ ನಿಮ್ಮ ಹೆಸರಿನಲ್ಲೇ ಇರಲಿ. ತಾಣ ಕಟ್ಟಿಕೊಡುವವರ ಖಾತೆಯಲ್ಲಿ ನೋಂದಣಿ ಮಾಡಿಸಿದರೆ, ಮುಂದೆ ಅವರೊಂದಿಗೆ ಸಂಪರ್ಕ ತಪ್ಪಿದಾಗ ವಿಳಾಸವೂ ಕೈತಪ್ಪುತ್ತದೆ.

ಯಾವ ವೇದಿಕೆ ಎಂಬುದರ ಬಗ್ಗೆ ಚರ್ಚೆ ಮುಗಿಯುವುದೇ ಇಲ್ಲ. ಗೂಗಲ್‌ನ ಬ್ಲಾಗರ್ ಉಚಿತ, ನಿರ್ವಹಣೆಯ ಗೊಡವೆಯಿಲ್ಲ, ಸ್ವಂತ ಡೊಮೈನ್ ಜೋಡಿಸಬಹುದು. ರೂಪ ಬದಲಿಸಲು ಅವಕಾಶ ಕಡಿಮೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ, ಹೊಸಬರು ಗಲಿಬಿಲಿಗೊಳ್ಳುವುದು ಇಲ್ಲೇ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಎಲ್ಲವನ್ನೂ ತಾನೇ ನೋಡಿಕೊಳ್ಳುವ ಸೇವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ತಂತ್ರಾಂಶ. ಅದನ್ನು ನೀವು ಹಣ ಕೊಟ್ಟು ಪಡೆದ, ತಾಣದ ಕಡತಗಳಿಗೆ ಅಂತರಜಾಲದಲ್ಲಿ ಜಾಗ ಕೊಡುವ ಹೋಸ್ಟಿಂಗ್‌ನಲ್ಲಿ ಅಳವಡಿಸಿ, ಅಪ್‌ಡೇಟ್ ಮತ್ತು ಬ್ಯಾಕಪ್‌ಗಳನ್ನು ನೀವೇ ನೋಡಿಕೊಳ್ಳಬೇಕು. ತಂತ್ರಾಂಶದ ನಿರ್ವಹಣೆ ಬೇಡವೆನ್ನುವವರು ಸಂಕೋಚವಿಲ್ಲದೆ ಮೊದಲ ಬಗೆಯ ಸೇವೆಯನ್ನೇ ಹಿಡಿಯಲಿ. ಸ್ವಂತ ಡೊಮೈನ್ ಇದ್ದರೆ ಮುಂದೆ ಸ್ಥಳ ಬದಲಿಸುವುದು ಕಷ್ಟವೇನಲ್ಲ.

ಮೊದಲ ಲೇಖನಕ್ಕೆ ಮುನ್ನ ಮಾಡಬೇಕಾದ ಹೊಂದಾಣಿಕೆ

ವಿಳಾಸದ ಆರಂಭದಲ್ಲಿ ಸುರಕ್ಷಿತ ಸಂಪರ್ಕ, ಅಂದರೆ ಎಚ್‌ಟಿಟಿಪಿಎಸ್ ಇರಲೇಬೇಕು. ಇಲ್ಲದ ತಾಣಗಳನ್ನು ಕ್ರೋಮ್ 2018ರ ಜುಲೈನಿಂದ ‘ಸುರಕ್ಷಿತವಲ್ಲ’ ಎಂದೇ ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. ಹೆಚ್ಚಿನ ಹೋಸ್ಟಿಂಗ್ ಸೇವೆಗಳಲ್ಲಿ ಒಂದು ಗುಂಡಿ ಒತ್ತಿದರೆ ಸಾಕು.

ಲೇಖನಗಳ ವಿಳಾಸ ಹೇಗಿರಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ. ನೂರು ಲೇಖನಗಳಾದ ಮೇಲೆ ಬದಲಿಸಿದರೆ ಹಳೆಯ ಲಿಂಕ್‌ಗಳೆಲ್ಲ ಮುರಿಯುತ್ತವೆ. ದಿನಾಂಕ, ಸಂಖ್ಯೆಗಳಿಲ್ಲದೆ ಲೇಖನದ ಹೆಸರಷ್ಟೇ ಇರುವ ವಿಳಾಸ ಒಳ್ಳೆಯದು. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಶೀರ್ಷಿಕೆ ಕನ್ನಡದಲ್ಲಿದ್ದರೆ ತಂತ್ರಾಂಶ ಸಾಮಾನ್ಯವಾಗಿ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಬ್ರೌಸರ್‌ನಲ್ಲಿ ಅದು ಚೆಂದವಾಗಿಯೇ ಕಾಣುತ್ತದೆ. ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದಾಗ ಮಾತ್ರ ಪ್ರತಿಯೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತು ಮತ್ತು ಅಂಕಿ ಅಕ್ಷರಗಳ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತಕ್ಷರ ಮಾಡುವ ಹಲಂತ ಗುರುತು, ಮತ್ತೊಂದು ನ, ಡ ಎಂಬ ಐದು ಸಂಕೇತಗಳಿವೆ. ವಿಳಾಸದಲ್ಲಿ ಅದೊಂದೇ ಪದ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಇಡೀ ಶೀರ್ಷಿಕೆಯಾದರೆ ಲಿಂಕ್ ಐದಾರು ಸಾಲು ಹರಿದು, ಕಂಡವರಿಗೆ ಕ್ಲಿಕ್ ಮಾಡಲು ಭಯವಾಗುವಂತಿರುತ್ತದೆ. ಆದ್ದರಿಂದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಮೂರು ನಾಲ್ಕು ಪದಗಳಲ್ಲಿ, ನಡುವೆ ಕಿರುಗೆರೆ ಹಾಕಿ ಬರೆಯಿರಿ. ಲೇಖನದ ಪಠ್ಯವನ್ನು ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಪರಿವರ್ತಿಸದೆ ಅಂಟಿಸಿದರೆ ಹುಡುಕಾಟ ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ.

ತಾಣದೊಂದಿಗೇ ಬರುವ ಮಾದರಿ ಲೇಖನ, ಮಾದರಿ ಪುಟಗಳನ್ನು ಅಳಿಸಿ. ‘ನಮ್ಮ ಬಗ್ಗೆ’ ಪುಟದಲ್ಲಿ ನೀವು ಯಾರು, ಈ ವಿಷಯದಲ್ಲಿ ನಿಮಗಿರುವ ಅನುಭವವೇನು, ನಿಮ್ಮನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನು ನೇರವಾಗಿ ಬರೆಯಿರಿ. ಓದುಗರ ಇಮೇಲ್ ಸಂಗ್ರಹಿಸುವುದಾದರೆ ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂದು ತಿಳಿಸುವ ಗೌಪ್ಯತಾ ನೀತಿಯೂ ಬೇಕು. ಥೀಮ್ ವಿಷಯದಲ್ಲಿ ನನ್ನದು ಒಂದೇ ಬೇಡಿಕೆ: ಮೊಬೈಲ್‌ನಲ್ಲಿ ಕನ್ನಡ ಅಕ್ಷರಗಳ ಒತ್ತು, ಕೊಂಬುಗಳು ಮೇಲಿನ ಕೆಳಗಿನ ಸಾಲಿಗೆ ತಾಗದಷ್ಟು ಸಾಲುಗಳ ನಡುವೆ ಜಾಗ ಇರಲಿ. ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು.

ತೆರೆಯುವ ಮುನ್ನ ಐದಾರು ಲೇಖನ

ಒಂದೇ ಲೇಖನ ಹಾಕಿ ‘ನನ್ನ ಬ್ಲಾಗ್ ಆರಂಭವಾಗಿದೆ, ನೋಡಿ’ ಎಂದು ಸಾರಬೇಡಿ. ನೋಡಲು ಬಂದವರಿಗೆ ಎರಡನೆಯದಾಗಿ ಓದಲು ಏನೂ ಸಿಗುವುದಿಲ್ಲ, ಮರಳಿ ಕರೆಯುವುದು ಮೊದಲ ಸಲ ಕರೆಯುವುದಕ್ಕಿಂತ ಕಷ್ಟ. ಪಟ್ಟಿಯಿಂದ ಐದಾರು ಪ್ರಶ್ನೆಗಳನ್ನು ಆರಿಸಿ ಪೂರ್ಣವಾಗಿ ಉತ್ತರ ಬರೆದಿಡಿ. ‘ಎಲ್ಲರಿಗೂ ಸ್ವಾಗತ, ಇಲ್ಲಿ ಇನ್ನು ಮುಂದೆ ಹಲವು ವಿಷಯ ಬರೆಯಲಿದ್ದೇನೆ’ ಎಂಬ ಸ್ವಾಗತ ಲೇಖನವನ್ನು ಅದರಲ್ಲಿ ಎಣಿಸಬೇಡಿ. ಅದರಿಂದ ಓದುಗನಿಗೆ ಏನೂ ಪ್ರಯೋಜನವಿಲ್ಲ.

ಶೀರ್ಷಿಕೆಯ ಮೇಲೆ ಸಮಯ ವ್ಯಯಿಸಿ. ‘ಸೈಕಲ್ ಲೋಕದಲ್ಲೊಂದು ಪಯಣ’ ಎಂಬ ಶೀರ್ಷಿಕೆಯನ್ನು ಯಾರೂ ಹುಡುಕುವುದಿಲ್ಲ; ಹಂಚಿಕೊಂಡಾಗ ಕಂಡರೂ ಒಳಗೇನಿದೆ ಎಂದು ತಿಳಿಯುವುದಿಲ್ಲ. ‘ಸೈಕಲ್ ನಿರ್ವಹಣೆ’ ಎಂಬುದು ಸ್ಪಷ್ಟ, ಆದರೆ ತೀರಾ ವಿಶಾಲ. ಆ ಪದಗಳಿಗೆ ಹಳೆಯ, ದೊಡ್ಡ ತಾಣಗಳೇ ಮುಂದಿರುತ್ತವೆ. ‘ಗೇರ್ ಬದಲಿಸುವಾಗ ಸೈಕಲ್ ಚೈನ್ ಕಳಚುತ್ತಿದೆಯೇ? ಮನೆಯಲ್ಲೇ ಸರಿಪಡಿಸುವ ಬಗೆ’ ಎಂದರೆ ಕೈಯಲ್ಲಿ ಗ್ರೀಸ್ ಮೆತ್ತಿಕೊಂಡು ನಿಂತಿರುವ ಒಬ್ಬ ವ್ಯಕ್ತಿ ಅದನ್ನು ಖಂಡಿತ ತೆರೆಯುತ್ತಾನೆ.

ತೆರೆದವನಿಗೆ ಮೊದಲ ಪ್ಯಾರಾದಲ್ಲೇ ಉತ್ತರದ ತುದಿ ಸಿಗಬೇಕು. ಸೈಕಲ್‌ನ ಇತಿಹಾಸದಿಂದ ಶುರು ಮಾಡಿದರೆ ಅವನು ಹಿಂದಕ್ಕೆ ಹೋಗುತ್ತಾನೆ. ಹೀಗೆ ಆರಂಭಿಸಬಹುದು: ‘ಪೆಡಲ್ ಬಳಿಯ ಚಕ್ರದಿಂದ ಚೈನ್ ಯಾವ ಕಡೆಗೆ ಬೀಳುತ್ತಿದೆ ಎಂದು ಮೊದಲು ಗಮನಿಸಿ. ಒಳಗಡೆ, ಅಂದರೆ ಚೌಕಟ್ಟಿನ ಕಡೆಗೆ ಬೀಳುತ್ತಿದ್ದರೆ ಮುಂದಿನ ಗೇರ್ ಸಾಧನದ ಒಳಮಿತಿ ಸ್ಕ್ರೂ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಹೊರಗಡೆ ಬೀಳುತ್ತಿದ್ದರೆ ಹೊರಮಿತಿ ಸ್ಕ್ರೂ ನೋಡಬೇಕು.’ ಇಷ್ಟು ಓದಿದವನಿಗೆ ಬರೆದವರಿಗೆ ಕೆಲಸ ಗೊತ್ತಿದೆ ಎಂಬ ನಂಬಿಕೆ ಬರುತ್ತದೆ. ಮುಂದೆ ಆ ಸ್ಕ್ರೂ ಎಲ್ಲಿದೆ ಎಂಬುದರ ಹತ್ತಿರದ ಚಿತ್ರ, ಎಷ್ಟು ತಿರುಗಿಸಬೇಕು, ತಪ್ಪಾದರೆ ಹಿಂದಕ್ಕೆ ತರುವುದು ಹೇಗೆ ಎಂಬುದೆಲ್ಲ ಬರಲಿ. ಬೇರೆಲ್ಲೂ ಸಿಗದ ಚಿತ್ರ, ನೀವೇ ಮಾಡಿ ನೋಡಿದ ವಿವರ, ಇವು ಹೊಸ ತಾಣಕ್ಕಿರುವ ದೊಡ್ಡ ಬಲ.

ಚಿತ್ರ ನಿಮ್ಮದೇ ಆಗಿರಲಿ. ಬೇರೆಯವರದು ಬೇಕಾದರೆ ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಷರತ್ತಿನೊಂದಿಗೆ ಮುಕ್ತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ನೋಡಿ, ಷರತ್ತಿನ ಪ್ರಕಾರ ಹೆಸರು ನಮೂದಿಸಿ ಬಳಸಿ. ಹುಡುಕಾಟದಲ್ಲಿ ಕಂಡ ಚಿತ್ರವನ್ನು ಎತ್ತಿ ಹಾಕುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ಮೊಬೈಲ್‌ನಲ್ಲಿ ತೆಗೆದ ಫೋಟೊ ಕೆಲವು ಎಂಬಿ ತೂಗುತ್ತದೆ; ಅದನ್ನು ಸುಮಾರು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕಡಿಮೆ ತೂಕದ ವೆಬ್‌ಪಿ ರೂಪಕ್ಕೆ ಬದಲಿಸಿ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳುವುದು ಗೂಗಲ್‌ನ ಮಾನದಂಡದಲ್ಲಿ ಒಳ್ಳೆಯ ವೇಗ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಉಪಕರಣದಲ್ಲಿ ವಿಳಾಸ ಹಾಕಿದರೆ ನಿಮ್ಮದು ಎಷ್ಟೆಂದು ತಿಳಿಯುತ್ತದೆ.

ಹುಡುಕಾಟ ಯಂತ್ರಕ್ಕೆ ಸುದ್ದಿ ಮುಟ್ಟಿಸುವುದು

ಇದು ಚಿಕ್ಕ ಕೆಲಸ, ಆದರೆ ಬಿಡುವಂತಿಲ್ಲ. ವರ್ಡ್‌ಪ್ರೆಸ್‌ನಲ್ಲಿ ‘ಹುಡುಕಾಟ ಯಂತ್ರಗಳು ಈ ತಾಣವನ್ನು ಸೇರಿಸಿಕೊಳ್ಳದಂತೆ ತಡೆಯಿರಿ’ ಎಂಬರ್ಥದ ಒಂದು ಚೌಕ ಇದೆ. ತಾಣ ಕಟ್ಟುವಾಗ ಗುರುತು ಹಾಕಿ, ಆಮೇಲೆ ತೆಗೆಯಲು ಮರೆತು, ತಿಂಗಳುಗಟ್ಟಲೆ ಗೂಗಲ್‌ನಲ್ಲಿ ಕಾಣಿಸದೆ ಉಳಿದ ತಾಣಗಳಿಗೆ ಲೆಕ್ಕವಿಲ್ಲ. ಆ ಗುರುತು ಇಲ್ಲವೆಂದು ಎರಡು ಸಲ ನೋಡಿ. ನಂತರ, ಹುಡುಕಾಟದಲ್ಲಿ ನಿಮ್ಮ ತಾಣದ ಸ್ಥಿತಿ ತೋರಿಸುವ ಉಚಿತ ಉಪಕರಣವಾದ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ತಾಣವನ್ನು ಸೇರಿಸಿ, ಮಾಲೀಕತ್ವ ಖಚಿತಪಡಿಸಿ, ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ. ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲೂ ಇದನ್ನೇ ಮಾಡಿ. ಸರ್ಚ್ ಕನ್ಸೋಲ್‌ನಿಂದಲೇ ವಿವರಗಳನ್ನು ಎಳೆದುಕೊಳ್ಳುವ ಸೌಲಭ್ಯ ಅಲ್ಲಿದೆ.

ಪುಟಗಳು ಹುಡುಕಾಟದಲ್ಲಿ ಸೇರಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ಸೇರಿದ ಮೇಲೂ ಹೊಸ ತಾಣ ಮೊದಲ ಪುಟಕ್ಕೆ ಬರಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಓದುಗರನ್ನು ತರುವವರು ನೀವೇ.

ಹಂಚಿಕೊಳ್ಳುವ ಮುನ್ನ ಲಿಂಕನ್ನು ನಿಮಗೇ ಒಂದು ಸಂದೇಶವಾಗಿ ಕಳುಹಿಸಿ ನೋಡಿ. ಚಿತ್ರ, ಶೀರ್ಷಿಕೆ, ಎರಡು ಸಾಲಿನ ವಿವರ ಕಾಣಿಸಬೇಕು. ಬರಿಯ ನೀಲಿ ಸಾಲು ಕಂಡರೆ ಪುಟದಲ್ಲಿ ಈ ಮುನ್ನೋಟಕ್ಕೆ ಬೇಕಾದ ಓಪನ್ ಗ್ರಾಫ್ ಗುರುತುಗಳಿಲ್ಲ ಎಂದರ್ಥ. ಇವನ್ನು ಸೇರಿಸಲು ಕಿರುತಂತ್ರಾಂಶಗಳು, ಅಂದರೆ ಪ್ಲಗಿನ್‌ಗಳಿವೆ, ಚಿತ್ರದ ಅಳತೆ 1200ಕ್ಕೆ 630 ಪಿಕ್ಸೆಲ್ ಇದ್ದರೆ ಹೆಚ್ಚಿನ ಕಡೆ ಸರಿಯಾಗಿ ಕೂರುತ್ತದೆ.

ಮೊದಲ ನೂರು ಓದುಗರು

ಈಗ ನಿಜವಾದ ಕೆಲಸ. ಮೊದಲ ನೂರು ಓದುಗರನ್ನು ಗುಂಪಾಗಿ ಕರೆಯಲು ಹೋಗಬೇಡಿ, ಒಬ್ಬೊಬ್ಬರನ್ನಾಗಿ ಕರೆಯಿರಿ. ಪರಿಚಯದ ಇನ್ನೂರು ಜನಕ್ಕೆ ಒಂದೇ ಸಂದೇಶವನ್ನು ರವಾನಿಸಿದರೆ ಹತ್ತಾರು ‘ಶುಭಾಶಯ’ಗಳು ಬರುತ್ತವೆ, ಓದಿದವರು ಬೆರಳೆಣಿಕೆಯಷ್ಟು. ಬದಲಿಗೆ, ಸೈಕಲ್ ಓಡಿಸುವ ಹತ್ತು ಜನ ಪರಿಚಿತರನ್ನು ನೆನೆದು ಅವರವರಿಗೆ ಹೊಂದುವ ಲೇಖನವನ್ನೇ ಕಳುಹಿಸಿ:

‘ನಮಸ್ಕಾರ. ಮೊನ್ನೆ ಬ್ರೇಕಿನ ಕೀಚಲು ಸದ್ದಿನ ಬಗ್ಗೆ ಹೇಳುತ್ತಿದ್ದಿರಿ. ಅದಕ್ಕೆ ಕಾರಣಗಳನ್ನು ಚಿತ್ರಸಮೇತ ಬರೆದಿದ್ದೇನೆ. ಬ್ರೇಕ್ ಪ್ಯಾಡನ್ನು ಓರೆಯಾಗಿ ಕೂರಿಸುವ ಹಂತ ಅರ್ಥವಾಗುವಂತಿದೆಯೇ ಎಂದು ನೋಡಿ ತಿಳಿಸುವಿರಾ?’

ಈ ಸಂದೇಶದಲ್ಲಿ ಅವರ ಸಮಸ್ಯೆ ಇದೆ, ಉತ್ತರ ಇದೆ, ಒಂದು ನಿರ್ದಿಷ್ಟ ಪ್ರಶ್ನೆ ಇದೆ. ‘ಹೇಗಿದೆ ಹೇಳಿ’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಕಲಿಯುವುದು ಏನೂ ಇಲ್ಲ. ಒಂದು ಹಂತದ ಬಗ್ಗೆ ಕೇಳಿದರೆ ಅವರು ನಿಜವಾಗಿ ಓದಿ, ತೊಡಕಿದ್ದಲ್ಲಿ ಬೆರಳಿಟ್ಟು ತೋರಿಸುತ್ತಾರೆ. ಕೂಡಲೇ ಲೇಖನ ತಿದ್ದಿ, ತಿದ್ದಿದ್ದೇನೆಂದು ಅವರಿಗೆ ತಿಳಿಸಿ. ತಮ್ಮ ಮಾತಿನಿಂದ ಸುಧಾರಿಸಿದ ಲೇಖನವನ್ನು ಜನ ತಾವಾಗಿಯೇ ನಾಲ್ಕು ಜನಕ್ಕೆ ತೋರಿಸುತ್ತಾರೆ.

ಎರಡನೆಯ ದಾರಿ, ನಿಮ್ಮ ವಿಷಯದವರು ಈಗಾಗಲೇ ಸೇರುವ ಗುಂಪುಗಳು. ಟೆಲಿಗ್ರಾಂ, ಫೇಸ್‌ಬುಕ್, ರೆಡಿಟ್, ಕೋರಾಗಳಲ್ಲಿ ಯಾವ ಹವ್ಯಾಸಕ್ಕೂ ಒಂದಲ್ಲ ಒಂದು ಬಳಗ ಇರುತ್ತದೆ. ಸೇರಿದ ದಿನವೇ ಲಿಂಕ್ ಎಸೆಯಬೇಡಿ. ಹಲವು ಕಡೆ ಅದು ನಿಯಮಕ್ಕೆ ವಿರುದ್ಧ, ಎಲ್ಲ ಕಡೆಯೂ ಒರಟುತನ. ಗುಂಪಿನ ನಿಯಮ ಓದಿ. ಕೆಲವು ವಾರ ಪ್ರಶ್ನೆಗಳಿಗೆ ಉತ್ತರಿಸುತ್ತ ಇರಿ. ಯಾರಾದರೂ ಚೈನ್ ಬಗ್ಗೆ ಕೇಳಿದಾಗ ಉತ್ತರವನ್ನು ಅಲ್ಲೇ ಪೂರ್ತಿ ಬರೆಯಿರಿ. ಲಿಂಕ್ ತೆರೆಯದೆಯೂ ಕೇಳಿದವರ ಕೆಲಸ ಆಗುವಂತಿರಲಿ. ಕೊನೆಯಲ್ಲಿ ‘ಸ್ಕ್ರೂ ಎಲ್ಲಿದೆ ಎಂಬ ಚಿತ್ರಗಳು ಇಲ್ಲಿವೆ’ ಎಂದು ಲಿಂಕ್ ಕೊಡಿ. ಉತ್ತರ ಬಚ್ಚಿಟ್ಟು ‘ತಿಳಿಯಲು ಇಲ್ಲಿ ಒತ್ತಿ’ ಎನ್ನುವವರನ್ನು ಜನ ಎರಡನೆಯ ಸಲ ನಂಬುವುದಿಲ್ಲ.

ಮೂರನೆಯದು, ಇದೇ ವಿಷಯದಲ್ಲಿ ಬರೆಯುವ ಇತರರು. ಅವರನ್ನು ಪೈಪೋಟಿಗಾರರೆಂದು ನೋಡುವುದು ಹೊಸಬರಿಗೆ ದೊಡ್ಡ ನಷ್ಟ. ಅವರ ಒಳ್ಳೆಯ ಲೇಖನಗಳಿಗೆ ನಿಮ್ಮ ಬರಹದಲ್ಲಿ ಲಿಂಕ್ ಕೊಡಿ, ಕೊಟ್ಟಿದ್ದೇನೆಂದು ಒಂದು ಸಾಲು ಬರೆದು ತಿಳಿಸಿ, ಪ್ರತಿಯಾಗಿ ಏನನ್ನೂ ಬೇಡಬೇಡಿ. ಅವರ ಓದುಗರಿಗೆ ಬೇಕಾದ, ಅವರು ಇನ್ನೂ ಬರೆದಿರದ ವಿಷಯವೊಂದಿದ್ದರೆ ಅತಿಥಿ ಲೇಖನ ಬರೆಯುತ್ತೇನೆಂದು ಕೇಳಿ. ಅದಕ್ಕೆ ನಿಮ್ಮ ಅತ್ಯುತ್ತಮ ಬರಹವನ್ನೇ ಕೊಡಿ, ಉಳಿಕೆಯನ್ನಲ್ಲ. ನಂಬಿಕಸ್ಥ ತಾಣದಿಂದ ಬರುವ ಒಂದು ಲಿಂಕ್ ಓದುಗರನ್ನೂ ತರುತ್ತದೆ, ಹುಡುಕಾಟ ಯಂತ್ರದಲ್ಲಿ ನಿಮ್ಮ ತಾಣದ ತೂಕವನ್ನೂ ಹೆಚ್ಚಿಸುತ್ತದೆ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಹಣ ಕೊಟ್ಟು ಲಿಂಕ್ ಕೊಳ್ಳುವುದು, ಶ್ರೇಯಾಂಕಕ್ಕಾಗಿ ‘ನನ್ನದಕ್ಕೆ ನೀವು, ನಿಮ್ಮದಕ್ಕೆ ನಾನು’ ಎಂದು ಲಿಂಕ್‌ಗಳನ್ನು ಯದ್ವಾತದ್ವಾ ವಿನಿಮಯ ಮಾಡುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ; ತಾಣ ಹುಡುಕಾಟದಿಂದಲೇ ಹೊರಬೀಳಬಹುದು. ಹಣಕ್ಕೆ ಸಿಗುವ ಸಾವಿರಾರು ಹಿಂಬಾಲಕರು ಓದುವುದಿಲ್ಲ. ಜಾಹೀರಾತು ಹಾಕುವ ಆಸೆಯನ್ನೂ ಸ್ವಲ್ಪ ಕಾಲ ತಡೆದಿಡಿ. ಓದುಗರು ಬೆರಳೆಣಿಕೆಯಷ್ಟಿರುವಾಗ ಆದಾಯ ಇಲ್ಲವೆನ್ನುವಷ್ಟು ಕಡಿಮೆ, ಪುಟ ನಿಧಾನವಾಗುವುದು ಮಾತ್ರ ಖಂಡಿತ.

ಬಂದವರು ಮತ್ತೆ ಬರಲು

ಒಮ್ಮೆ ಬಂದ ಓದುಗನಿಗೆ ನಿಮ್ಮ ತಾಣದ ಹೆಸರು ನೆನಪಿರುವುದಿಲ್ಲ. ಆದ್ದರಿಂದ ಪ್ರತಿ ಲೇಖನದ ಕೊನೆಯಲ್ಲಿ ಎರಡು ವ್ಯವಸ್ಥೆ ಬೇಕು. ಒಂದು, ಅವನ ಮುಂದಿನ ಪ್ರಶ್ನೆಗೆ ಉತ್ತರಿಸುವ ಇನ್ನೊಂದು ಲೇಖನದ ಲಿಂಕ್. ಚೈನ್ ಸರಿಪಡಿಸಿದವನಿಗೆ ಚೈನ್ ಸವೆದಿದೆಯೇ ಎಂದು ಅಳೆಯುವ ಬಗೆ. ಎರಡು, ಇಮೇಲ್ ಮೂಲಕ ಹೊಸ ಲೇಖನ ಪಡೆಯುವ ಒಂದು ಸರಳ ಚೌಕ. ‘ಚಂದಾದಾರರಾಗಿ’ ಎಂದಷ್ಟೇ ಬರೆಯದೆ ಏನು, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ತಿಳಿಸಿ. ನೋಂದಾಯಿಸಿದವರಿಂದ ಇಮೇಲ್ ಮೂಲಕ ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇರಲಿ, ಬೇಡವಾದಾಗ ಒಂದೇ ಕ್ಲಿಕ್‌ನಲ್ಲಿ ಬಿಡುವಂತಿರಲಿ. ಪರಿಚಯದವರ ವಿಳಾಸಗಳನ್ನು ಕೇಳದೆ ಪಟ್ಟಿಗೆ ಸೇರಿಸಬೇಡಿ. ಸ್ವಂತ ಡೊಮೈನ್‌ನಿಂದ ಕಳುಹಿಸುವುದಾದರೆ, ಪತ್ರ ನಿಮ್ಮಿಂದಲೇ ಬಂದದ್ದೆಂದು ಸಾಬೀತುಪಡಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಹೊಂದಿಸಿ, ಇಲ್ಲದಿದ್ದರೆ ಪತ್ರಗಳು ಸ್ಪ್ಯಾಮ್ ಪೆಟ್ಟಿಗೆ ಸೇರುವ ಸಂಭವ ಹೆಚ್ಚು. ಆರ್‌ಎಸ್‌ಎಸ್ (ಹೊಸ ಲೇಖನಗಳನ್ನು ಓದುವ ತಂತ್ರಾಂಶಕ್ಕೆ ತಾನಾಗಿ ತಲುಪಿಸುವ ಫೀಡ್) ಬಳಸುವ ಓದುಗರು ಇಂದಿಗೂ ಇದ್ದಾರೆ, ಅವರು ನಿಷ್ಠಾವಂತರು. ಹೆಚ್ಚಿನ ವೇದಿಕೆಗಳಲ್ಲಿ ಆ ಫೀಡ್ ತಾನಾಗಿಯೇ ಇರುತ್ತದೆ, ಅದರ ಲಿಂಕ್ ಕಾಣುವಂತೆ ಇಡಿ.

ಬರೆಯುವ ವೇಗದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ವಾರಕ್ಕೆ ನಾಲ್ಕು ಬರೆಯುತ್ತೇನೆಂದು ಹೊರಟು ತಿಂಗಳಲ್ಲಿ ದಣಿಯುವುದಕ್ಕಿಂತ ಹದಿನೈದು ದಿನಕ್ಕೊಂದು ಲೇಖನವನ್ನು ವರ್ಷವಿಡೀ ಕೊಡುವುದು ಮೇಲು.

ಅಂಕಿಗಳನ್ನು ಓದುವ ಬಗೆ

ಆರಂಭದ ವಾರಗಳಲ್ಲಿ ಭೇಟಿಗಳ ಎಣಿಕೆ ನೋಡುತ್ತ ಕೂರಬೇಡಿ. ಅದರಲ್ಲಿ ನಿಮ್ಮದೇ ಭೇಟಿಗಳು, ತಾನಾಗಿ ತಾಣ ಜಾಲಾಡುವ ತಂತ್ರಾಂಶಗಳಾದ ಬಾಟ್‌ಗಳ ಭೇಟಿಗಳು ಬೆರೆತಿರುತ್ತವೆ; ನಿಮ್ಮ ಸ್ವಂತ ಭೇಟಿ ಎಣಿಕೆಗೆ ಬರದಂತೆ ಮಾಡುವ ಹೊಂದಾಣಿಕೆ ಹೆಚ್ಚಿನ ಉಪಕರಣಗಳಲ್ಲಿ ಇದೆ. ಆ ಹಂತದಲ್ಲಿ ಬೆಲೆಯುಳ್ಳದ್ದು ಬಂದ ಕಾಮೆಂಟ್, ಬಂದ ಇಮೇಲ್, ಕೇಳಿದ ಮರುಪ್ರಶ್ನೆ. ಅವುಗಳಿಗೆ ಅಂದೇ ಉತ್ತರಿಸಿ. ಇಬ್ಬರು ಒಂದೇ ಪ್ರಶ್ನೆ ಕೇಳಿದರೆ ಅದು ಮುಂದಿನ ಲೇಖನ.

ಸುಮಾರು ಮೂರು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್‌ನ ಕಾರ್ಯಕ್ಷಮತೆ ವರದಿ ತೆರೆಯಿರಿ. ಜನ ಯಾವ ಪದ ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಸರಾಸರಿ ಸ್ಥಾನ ಎಂಟರಿಂದ ಇಪ್ಪತ್ತರ ನಡುವೆ ಇರುವ ಸಾಲುಗಳನ್ನು ಆರಿಸಿಕೊಳ್ಳಿ. ಸ್ವಲ್ಪ ತಿದ್ದಿದರೆ ಮೇಲೇರುವ ಪುಟಗಳು ಅವೇ. ‘ಚೈನ್ ಕಳಚುವುದು’ ಲೇಖನ ‘ಸೈಕಲ್ ಗೇರ್ ಜಾರುತ್ತಿದೆ’ ಎಂಬ ಹುಡುಕಾಟಕ್ಕೆ ಹದಿನಾಲ್ಕನೆಯದಾಗಿ ಕಾಣಿಸುತ್ತಿದೆ ಎನ್ನಿ. ಗೇರ್ ಜಾರುವುದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದೇ ವಾಕ್ಯ ಇದ್ದರೆ ಅದನ್ನು ಚಿತ್ರಸಹಿತ ಒಂದು ಭಾಗವಾಗಿ ಬೆಳೆಸಿ, ಅಥವಾ ಬೇರೆ ಲೇಖನವನ್ನೇ ಬರೆದು ಎರಡರ ನಡುವೆ ಲಿಂಕ್ ಕೊಡಿ. ಬಹಳ ಸಲ ಕಾಣಿಸಿಯೂ ಯಾರೂ ಒತ್ತದ ಪುಟವಿದ್ದರೆ ಶೀರ್ಷಿಕೆ ಬದಲಿಸಿ, ವಿಳಾಸವನ್ನು ಮಾತ್ರ ಮುಟ್ಟಬೇಡಿ. ವಿಳಾಸ ಬದಲಿಸಲೇಬೇಕಾದ ಸಂದರ್ಭ ಬಂದರೆ ಹಳೆಯದರಿಂದ ಹೊಸದಕ್ಕೆ ಓದುಗರನ್ನು ತಾನಾಗಿ ಕಳುಹಿಸುವ 301 ಮರುನಿರ್ದೇಶನ ಹಾಕಿ. ತಿದ್ದಿದ ಪುಟದ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ಮರುಪರಿಶೀಲನೆಗೆ ಕೇಳಿ, ಕೆಲವು ವಾರ ಬಿಟ್ಟು ಅದೇ ಸಾಲನ್ನು ಮತ್ತೆ ನೋಡಿ.